ಗಾಜಿನ ಪೆಟ್ಟಿಗೆಯ ಚೆಂಡಾಟ

೮-೧-೧೯೭೯, ಸೋಮವಾರ

ಗೊಬ್ಬರದ ಕಂಪನಿಯವರು ಪುಕ್ಕಟೆ ಕೊಟ್ಟ ಡೈರಿ ಇದು. ವಾರದಿಂದ ಕಪಾಟಿನ ಮೇಲೆ ಬಿದ್ದಿತ್ತು. ಯಾರ ಮುಂದೆಯೂ ಬಾಯಿ ಬಿಡಲಾಗದ ಮಾತೊಂದಿದೆ, ಇದರ ಮುಂದಾದರೂ ಬಿಡೋಣ ಎಂದು ಕುಳಿತಿದ್ದೇನೆ. ನನ್ನ ಬಲಗೈ ನಡುಗುತ್ತದೆ. ಕಾಫಿ ಲೋಟ ಹಿಡಿದರೆ ನಡುಗುತ್ತದೆ, ಪೆನ್ನು ಹಿಡಿದರೆ ನಡುಗುತ್ತದೆ, ಸೋಲ್ಡರಿಂಗ್ ಐರನ್ ಹಿಡಿದರಂತೂ ಭಜನೆಗೆ ತಾಳ ಹಾಕಿದ ಹಾಗೆ ಹಾಕುತ್ತದೆ. ಈ ಪುಟದ ಅಕ್ಷರ ನೋಡಿದರೆ ಕೋಳಿ ಕೆದರಿದೆಯೋ, ಗುಡ್ಡಪ್ಪನೆಂಬ ನಾನು ಬರೆದೆನೋ ಎಂದು ನನಗೇ ಅನುಮಾನ.

ದುರ್ಗದ ಡಾಕ್ಟರು ನರದ ತೊಂದರೆ, ಕಾಫಿ ಬಿಡಿ ಎಂದರು. ಕಾಫಿ ಬಿಟ್ಟೆ. ಕೈ ನಡುಗುವುದನ್ನು ಬಿಡಲಿಲ್ಲ. ಈಗ ಕಾಫಿಯೂ ಇಲ್ಲ, ಕೈಯೂ ಇಲ್ಲ.

ರಿಪೇರಿಯ ಮಟ್ಟಿಗೆ ಹೊಸದುರ್ಗದಲ್ಲಿ ರೇಡಿಯೊ ಗುಡ್ಡಪ್ಪ ಎಂದರೆ ಒಂದು ಹೆಸರು. ಅಂಗಡಿಯ ತಿರುಗುವ ಸ್ಟೂಲಿನ ಮೇಲೆ ಇವತ್ತಿನವರೆಗೆ ಬೇರೆ ಯಾರೂ ಕುಳಿತಿಲ್ಲ. ಕೂರಲು ನಾನು ಬಿಟ್ಟಿಲ್ಲ. ಕೈಯ ಸಂಗತಿ ಊರಿಗೆ ತಿಳಿದರೆ ಅಂಗಡಿಗೆ ಬೀಗ, ನಾನು ಹಟ್ಟಿಗೆ ವಾಪಸ್, ಅಣ್ಣ ರಂಗಪ್ಪನ ಕುರಿಗಳ ಹಿಂದೆ. ಕುರಿಯ ಬಾಲ ನೋಡಿಕೊಂಡು ಬದುಕುವವನು ನಾನಲ್ಲ ಎಂದು ದೊಡ್ಡ ಮಾತಾಡಿ ಹಟ್ಟಿ ಬಿಟ್ಟು ಬಂದವನು ನಾನು. ಕುರಿಗಳು ಅದನ್ನು ಮರೆತಿರಬಹುದು. ಅಣ್ಣ ಮರೆತಿಲ್ಲ.

ಸದ್ಯಕ್ಕೆ ಕೈಯ ನಾಜೂಕು ಬೇಕಾದ ಕೆಲಸ ಬಂದಾಗಲೆಲ್ಲ "ಸ್ಪೇರ್ ಬಂದಿಲ್ಲ, ಮುಂದಿನ ವಾರ ಬರ್ರಿ" ಎನ್ನುತ್ತಿದ್ದೇನೆ. ಕಪಾಟಿನ ತುಂಬ ಸ್ಪೇರ್ ಇದೆ.

೧೧-೧-೧೯೭೯, ಗುರುವಾರ

ಇವತ್ತು ಒಬ್ಬ ಮನುಷ್ಯ ಬಂದ. ಹೆಸರು ಪಾಲಣ್ಣ, ಗೊಲ್ಲರವನು, ಶ್ರೀರಾಂಪುರದ ಕಡೆಯವನು. ದುರ್ಗದ ಆಚೆ ಒಂದು ಗಣಿಯ ಗೆಸ್ಟ್ ಹೌಸಿನಲ್ಲಿ ಅಡಿಗೆ ಮಾಡುತ್ತಾನೆ. ತಲೆಯ ಮೇಲೊಂದು ಗೋಣಿ ಗಂಟು, ಕಂಕುಳಲ್ಲೊಂದು ಸಣ್ಣ ಪೆಟ್ಟಿಗೆ. ಗಂಟು ಬಿಚ್ಚಿದರೆ ಟೆಲಿವಿಷನ್! ಚಿತ್ರದಲ್ಲಿ ನೋಡಿದ್ದೆ, ಮುಟ್ಟಿದ್ದು ಇವತ್ತೇ. ನಮ್ಮ ಸೀಮೆಯಲ್ಲಿ ಟೆಲಿವಿಷನ್ ಇಟ್ಟುಕೊಂಡು ಏನು ನೋಡುವುದು? ಇಲ್ಲಿಗೆ ಯಾವ ಸ್ಟೇಷನ್ನೂ ಬರುವುದಿಲ್ಲ.

"ಸ್ಟೇಷನ್ ಬ್ಯಾಡ ಅಣ್ಣಾ, ಇದು ಆಟ ಆಡೋದು," ಎಂದ ಪಾಲಣ್ಣ.

ಸಣ್ಣ ಪೆಟ್ಟಿಗೆಯಲ್ಲಿ ಎರಡು ನಾಬ್. ಅದರಿಂದ ಟಿವಿಗೆ ಒಂದು ತಂತಿ. ಗಾಜಿನ ಮೇಲೆ ಎರಡು ಬಿಳಿ ಗೆರೆ, ನಡುವೆ ಒಂದು ಚೆಂಡು. ನಾಬ್ ತಿರುಗಿಸಿದರೆ ಗೆರೆ ಮೇಲೆ ಕೆಳಗೆ ಓಡುತ್ತದಂತೆ, ಚೆಂಡಿಗೆ ಹೊಡೆಯುತ್ತದಂತೆ. ಗಣಿಗೆ ಬಂದಿದ್ದ ಅಮೆರಿಕದ ಎಂಜಿನಿಯರು ದಿನಾ ಸಂಜೆ ಇವನನ್ನು ಕೂರಿಸಿಕೊಂಡು ಆಡುತ್ತಿದ್ದರಂತೆ.

"ಅವರ ಮಾತು ನನಗೆ ಬರಾಕಿಲ್ಲ, ನನ್ನ ಮಾತು ಅವರಿಗೆ ಬರಾಕಿಲ್ಲ. ಆದ್ರೂ ಎರಡು ವರ್ಷ ಆಡಿದ್ವಿ. ಸೋತ್ರೆ ಮಕ್ಕಳಂಗೆ ನಗೋರು. ಹೋಗೋ ದಿನ ನಿಂಗೇ ಇರ್ಲಿ ಅಂತ ಕೈ ಸನ್ನೆ ಮಾಡಿ ಕೊಟ್ರು."

ಇವನು ಊರಿಗೆ ತಂದವನೇ ಸಣ್ಣ ಪೆಟ್ಟಿಗೆಯನ್ನು ಗೋಡೆಯ ಪ್ಲಗ್ಗಿಗೆ ಹಾಕಿದ್ದಾನೆ. ಟುಸ್ ಎಂದು ಹೊಗೆ. ಹೆದರಿ ಟಿವಿಯನ್ನು ಮುಟ್ಟಲಿಲ್ಲ, ಅದೊಂದು ಪುಣ್ಯ.

"ಗೆಸ್ಟ್ ಹೌಸಲ್ಲಿ ನಡುವೆ ಏನಾದ್ರೂ ಇತ್ತಾ?" ಎಂದು ಕೇಳಿದೆ.

"ಒಂದು ಕಬ್ಬಿಣದ ಪೆಟ್ಟಿಗೆ ಇತ್ತು. ಗುಂಯ್ ಅಂತಿತ್ತು, ಕಲ್ಲಿನಂಗೆ ಭಾರ. ಸುಮ್ನೆ ಯಾಕೆ ಹೊರೋದು, ಕಂಡಕ್ಟರ್ ಲಗೇಜ್ ಹಾಕ್ತಾನೆ ಅಂತ ಬಿಟ್ಟು ಬಂದೆ."

ನಗು ತಡೆದುಕೊಂಡೆ. ಅಮೆರಿಕದ ಕರೆಂಟು ನೂರಹತ್ತು ವೋಲ್ಟು, ನಮ್ಮದು ಇನ್ನೂರಮೂವತ್ತು. ನಮ್ಮ ಕರೆಂಟಿನ ಸೊಕ್ಕು ಇಳಿಸುತ್ತಿದ್ದುದೇ ಆ ಕಬ್ಬಿಣದ ಪೆಟ್ಟಿಗೆ. ವಾಪಸ್ ಹೋಗಿ ಹುಡುಕಿದರೆ ಅದನ್ನು ಯಾರೋ ಗುಜರಿಗೆ ಹಾಕಿಯಾಗಿತ್ತಂತೆ.

ಸ್ಪೇರ್ ಬಂದಿಲ್ಲ ಎಂದು ಸಾಗಹಾಕುವುದರಲ್ಲಿದ್ದೆ. ಅಷ್ಟರಲ್ಲಿ ಅವನು, "ಹಟ್ಟೀಲಿ ಯಾರೂ ನಂಬ್ತಿಲ್ಲ ಅಣ್ಣಾ. ನಮ್ಮ ಹುಚ್ಚಕ್ಕನೇ ನಂಬ್ತಿಲ್ಲ, ಕಟ್ಕಂಡ ಹೆಂಡ್ತಿ. ಗಾಜಿನ ಪೆಟ್ಟಿಗೇಲಿ ದೊರೆ ಜೊತೆ ಚೆಂಡಾಡ್ದೆ ಅಂದ್ರೆ ಕುಡ್ದು ಬಂದವ್ನೆ ಅಂತಾಳೆ. ದುರ್ಗದಾಗೆ ಮೂರು ಅಂಗಡಿ ತಿರುಗ್ದೆ, ಯಾರೂ ಮುಟ್ಟಲಿಲ್ಲ. ಹೊಸದುರ್ಗದ ರೇಡಿಯೊ ಗುಡ್ಡಪ್ಪ ಒಬ್ಬ್ರೇ ಮಾಡಾದು ಅಂದ್ರು," ಎಂದ.

ಮುಗಿಯಿತು. ಹೊಗಳಿದರೆ ನಾನು ಬಾವಿಗೂ ಬೀಳುತ್ತೇನೆ. ನಾಲ್ಕು ವಾರ ಬಿಟ್ಟು ಹೆಂಡತಿಯನ್ನೂ ಕರೆದುಕೊಂಡು ಬಾ ಎಂದುಬಿಟ್ಟೆ. ಅವನು ಹೋದ ಮೇಲೆ ನನ್ನ ಕೈ ನೋಡಿಕೊಂಡೆ. ಅದು ಇಲ್ಲ ಇಲ್ಲ ಎನ್ನುವ ಹಾಗೆ ಅಲ್ಲಾಡುತ್ತಿತ್ತು.

೧೬-೧-೧೯೭೯, ಮಂಗಳವಾರ

ಸಂಕ್ರಾಂತಿ ಮುಗಿಯಿತು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಬೇಕಂತೆ. ನಾನು ಎಳ್ಳು ತಿಂದು ಬೊಮ್ಮಕ್ಕನ ಮೇಲೆ ರೇಗಿದೆ. ಬೊಮ್ಮಕ್ಕ ನನ್ನ ಹೆಂಡತಿ. ರೇಗಿದ್ದಕ್ಕೆ ಕಾರಣ, ಲೋಟಕ್ಕೆ ಹಾಲು ಅರ್ಧ ಮಾತ್ರ ಹಾಕಿದ್ದಳು. "ತುಂಬ ಹಾಕಿದ್ರೆ ಚೆಲ್ತಿರಲ್ರಿ," ಎಂದಳು. ಗೊತ್ತಾಗಿದೆ ಇವಳಿಗೆ. ಯಾವತ್ತಿನಿಂದ ಗೊತ್ತೋ!

ಇವತ್ತು ಬಸ್ಸು ಹತ್ತಿ ದುರ್ಗಕ್ಕೆ ಹೋಗಿ ತಾಮ್ರದ ತಂತಿ, ಬ್ಯಾಟರಿಯ ಬದಲು ಹಾಕುವ ಒಂದು ಎಲಿಮಿನೇಟರ್ ತಂದೆ. ಸುಟ್ಟುಹೋಗಿರುವ ಅಮೆರಿಕದ ಪ್ಲಗ್ಗಿನ ಬದಲು ಎಲಿಮಿನೇಟರ್ ಸಾಕು. ಟಿವಿಗೆ ಮಾತ್ರ ಆ ಕಬ್ಬಿಣದ ಪೆಟ್ಟಿಗೆಯನ್ನು ಹೊಸದಾಗಿ ಹುಟ್ಟಿಸಬೇಕು. ಟೂರಿಂಗ್ ಟಾಕೀಸಿನವರು ಬಿಟ್ಟುಹೋದ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಮೂಲೆಯಲ್ಲಿದೆ. ಅದರ ಹಳೆ ತಂತಿ ಬಿಚ್ಚಿ ಹೊಸದು ಸುತ್ತಿದರಾಯಿತು. ಆಯಿತು ಎಂದು ಬರೆಯುವುದು ಸುಲಭ.

ಹೊಳಲ್ಕೆರೆಯಲ್ಲಿ ಬಸ್ಸು ನಿಂತಾಗ ಅಡಿಕೆ ಮೂಟೆಯ ಪಕ್ಕ ಕುಳಿತಿದ್ದ ಒಬ್ಬರು, "ರೇಡಿಯೊ ಗುಡ್ಡಪ್ಪ ಅಲ್ವೇನ್ರಿ?" ಎಂದು ಕೈ ಚಾಚಿದರು. ನಾನು ಎರಡೂ ಕೈಯಲ್ಲಿ ತಂತಿಯ ಉಂಡೆ ಅಪ್ಪಿಕೊಂಡು ತಲೆ ಮಾತ್ರ ಅಲ್ಲಾಡಿಸಿದೆ. ದೊಡ್ಡ ಮನುಷ್ಯನಾಗಿಬಿಟ್ಟಿದ್ದಾನೆ ಎಂದುಕೊಂಡಿರಬೇಕು.

೧೮-೧-೧೯೭೯, ಗುರುವಾರ

ಐನೂರು ಚಿಲ್ಲರೆ ಸುತ್ತು ಸುತ್ತಬೇಕು. ಒಂದರ ಪಕ್ಕ ಒಂದು, ಮೈಗೆ ಮೈ ತಾಗಿದ ಹಾಗೆ ಕೂರಬೇಕು. ನನ್ನ ಸುತ್ತುಗಳು ಜಾತ್ರೆಗೆ ಹೊರಟವರ ಹಾಗೆ ಒಬ್ಬರ ಮೇಲೊಬ್ಬರು ಬಿದ್ದವು. ಬಿಚ್ಚಿದೆ. ಮತ್ತೆ ಸುತ್ತಿದೆ. ಬಾಯಿಬಿಟ್ಟು ಎಣಿಸುತ್ತಾ ಇನ್ನೂರು ದಾಟಿದ್ದೆ, ಪಕ್ಕದ ಅಂಗಡಿಯ ಟೈಲರ್ ಮೂರ್ತಪ್ಪ ತಲೆ ಹಾಕಿ, "ಏನ್ ಗುಡ್ಡಪ್ಪ, ಜಪ ಮಾಡ್ತಿದ್ದೀಯಾ?" ಎಂದ. ಲೆಕ್ಕ ತಪ್ಪಿತು. ಅವನಿಗೆ ನಾಲ್ಕು ಮಾತು ಬೈದೆ. ಬೈಯುವಾಗ ಕೈ ನಡುಗಿದರೆ ಸಿಟ್ಟು ಎಂದುಕೊಳ್ಳುತ್ತಾರೆ, ಅದೊಂದು ಅನುಕೂಲ.

ಮೋಟಾರು ಸುತ್ತುವವನ ಹತ್ತಿರ ಕೊಡಬಹುದಿತ್ತು. ಯಾಕೆ, ನಿನ್ ಕೈಗೇನಾಗೈತೆ ಎಂದು ಕೇಳಿದರೆ?

೧೯-೧-೧೯೭೯, ಶುಕ್ರವಾರ

ಬೊಮ್ಮಕ್ಕ ಮಧ್ಯಾಹ್ನ ಮುದ್ದೆ ತಂದವಳು ನನ್ನ ಅವತಾರ ನೋಡಿ ನಿಂತಳು. "ಇತ್ಲಾಗೆ ಕೊಡ್ರಿ," ಎಂದಳು.

"ಇದೇನು ಉಣ್ಣೆ ಅಂತ ತಿಳ್ಕಂಡೆಯೇನೇ?"

"ಉಣ್ಣೆಗಿಂತ ಬೇಷೈತೆ. ಕಡಿಯಾಕಿಲ್ಲ."

ಚಾಪೆ ಹಾಸಿ ಕುಳಿತಳು. ಹಟ್ಟಿಯಲ್ಲಿ ಕದಿರು ಹಿಡಿದು ಬೆಳೆದವಳು, ಕಂಬಳಿಗೆ ನೂತವಳು. ತಂತಿಯನ್ನು ಎಡಗೈ ಬೆರಳ ನಡುವೆ ಬಿಟ್ಟುಕೊಂಡು ಬಲಗೈಯಲ್ಲಿ ತಿರುಗಿಸತೊಡಗಿದಳು. ನಾನು ಪಕ್ಕದಲ್ಲಿ ಕುಳಿತು ಒಂದು, ಎರಡು ಎಂದು ಎಣಿಸಿದೆ. ತಕ್ಷಣ ಕೈ ನಿಲ್ಲಿಸಿದಳು.

"ಬಾಯಿಬಿಟ್ಟು ಎಣಿಸಬ್ಯಾಡ್ರಿ. ಕುರೀನಾ ಯಾರಾದ್ರೂ ಹಂಗೆ ಎಣಿಸ್ತಾರಾ? ಕಣ್ಣು ಬೀಳ್ತೈತೆ."

ಇವಳ ತವರಿನಲ್ಲಿ ಕುರಿ ಎಣಿಸುವಾಗ ಬಾಯಿ ತೆರೆಯುವಂತಿಲ್ಲ. ಇಪ್ಪತ್ತು ದಾಟಿದರೆ ಒಂದು ಹುಣಸೆ ಬೀಜ ಮಡಿಲಿಗೆ, ಅಷ್ಟೆ. ಇಲ್ಲೂ ಹಾಗೇ ಮಾಡಿದಳು. ಇದು ವಿಜ್ಞಾನ, ಇಲ್ಲಿ ಕಣ್ಣುಗಿಣ್ಣು ಇಲ್ಲ ಎಂದು ಉಪದೇಶ ಶುರುಮಾಡಿದೆ. ಅಷ್ಟರಲ್ಲಿ ಮೂರ್ತಪ್ಪ ತಲೆ ಹಾಕಿ, "ಏನಕ್ಕಾ, ಅಂಗಡೀಲಿ ನೂಲ್ತಿದ್ದೀಯಾ?" ಎಂದ. ಇವಳು, "ಹೂಂ ಕಣಣ್ಣಾ, ನಿನಗೊಂದು ತಾಮ್ರದ ಕಂಬಳಿ," ಎಂದು ಉತ್ತರ ಕೊಟ್ಟು, ಕೈ ನಿಲ್ಲಿಸದೆ, ಒಂದು ಬೀಜ ಮಡಿಲಿಗೆ ಹಾಕಿಕೊಂಡಳು. ಲೆಕ್ಕ ತಪ್ಪಲಿಲ್ಲ. ಕಣ್ಣು ಬೀಳುವುದೂ ಮೂರ್ತಪ್ಪ ಬಂದು ಬೀಳುವುದೂ ಎರಡೂ ಒಂದೇ ಎಂದು ನನಗೆ ಇವತ್ತು ತಿಳಿಯಿತು.

ಸಂಜೆಗೆ ಪೂರ್ತಿ ಸುತ್ತಾಯಿತು. ನಾನು ಸುತ್ತಿಸಿದೆ ಎನ್ನಬಹುದು. ಮೇಲ್ವಿಚಾರಣೆಯೂ ಒಂದು ಕೆಲಸವೇ.

೨೩-೧-೧೯೭೯, ಮಂಗಳವಾರ

ಕಬ್ಬಿಣದ ಪೆಟ್ಟಿಗೆ ಗುಂಯ್ ಎಂದಿತು, ಟಿವಿ ಬೆಳಗಿತು. ಆಟದ ಪೆಟ್ಟಿಗೆ ಮಾತ್ರ ಹೆಣ.

ಬಿಚ್ಚಿ ನೋಡಿದೆ. ಒಳಗೆ ಎಷ್ಟೊಂದು ಕಾಲಿನ ಕರಿ ಚಿಪ್ಪು, ಜರಿಹುಳ ಮಲಗಿದ ಹಾಗೆ. ಅದು ಸತ್ತಿದ್ದರೆ ಇಡೀ ಹಿಂದೂಸ್ಥಾನದಲ್ಲಿ ಅದಕ್ಕೆ ಬದಲಿ ಸಿಗುವುದಿಲ್ಲ. ಅದರ ಕಾಲ ಬುಡದಲ್ಲಿ ಎರಡು ತಾಮ್ರದ ಗೆರೆ ಸುಟ್ಟು ಎದ್ದಿವೆ. ಕೂದಲೆಳೆಯಂಥ ಗೆರೆ. ಅವುಗಳ ಜಾಗಕ್ಕೆ ಎಳೆ ತಂತಿ ಹಾಕಿ ಬೆಸೆಯಬೇಕು. ಬೆಸುಗೆ ಪಕ್ಕದ ಕಾಲಿಗೆ ತಾಗಿದರೆ ಕಥೆ ಮುಗಿಯಿತು.

ಬಾಗಿಲು ಅರ್ಧ ಎಳೆದುಕೊಂಡು ಐರನ್ ಹಿಡಿದೆ.

೨೪-೧-೧೯೭೯

ಎರಡು ಗೆರೆ ಸುಟ್ಟಿದ್ದವು. ಈಗ ಮೂರು. ಮೂರನೆಯದು ನನ್ನ ಕೊಡುಗೆ.

೨೭-೧-೧೯೭೯, ಶನಿವಾರ

ಮೂರು ದಿನ ಅಂಗಡಿ ತೆಗೆಯಲಿಲ್ಲ. ಜ್ವರ ಎಂದೆ. ಬೊಮ್ಮಕ್ಕ ಹಣೆ ಮುಟ್ಟಿ ನೋಡಿದಳು, ತಣ್ಣಗಿತ್ತು. ಇವತ್ತು ಬೆಳಿಗ್ಗೆ ತಾನೇ ಬೀಗದ ಕೈ ತೆಗೆದುಕೊಂಡು, "ಹೋಗಾಣ ಬರ್ರಿ. ನೀವು ಹೇಳ್ರಿ, ನಾನು ಹಿಡಿತೀನಿ," ಎಂದಳು.

"ಏನ್ ಹಿಡಿತೀಯಾ? ಸಾರಿನ ಸೌಟಾ?"

"ಸೌಟು ಹಿಡಿದು ಇಷ್ಟು ವರ್ಷ ಒಗ್ಗರಣೆ ಹಾಕೀನಿ. ಒಂದು ದಿನ ಚೆಲ್ಲಿಲ್ಲ."

ಕೊನೆಯ ಮಾತು ನನಗೆ ನಾಟಿತು. ಅವಳು ನಾಟಲೆಂದು ಆಡಿದವಳಲ್ಲ, ಅದು ಇನ್ನೂ ನಾಟಿತು.

ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಮೊದಲು ಹಳೆ ಡಬ್ಬಿಯ ತಗಡಿನ ಮೇಲೆ ಕಲಿಸಿದೆ. ಕಲಿಸುವಾಗ ನಾನು ಒಳ್ಳೆ ಮೇಷ್ಟರಲ್ಲ, ಅದೂ ಇವತ್ತು ತಿಳಿಯಿತು. ಹತ್ತು ಸಲ ಕೂಗಾಡಿದೆ. ಕಾಯಿಸುವುದು ಚಿಪ್ಪಿನ ಕಾಲನ್ನು, ಬೆಸೆಯುವ ಸೀಸವನ್ನಲ್ಲ, ಸೀಸ ತಾನಾಗಿ ಓಡಿ ಬರಬೇಕು ಎಂದೆ. "ಹಂಗಂತ ಮೊದ್ಲೇ ಹೇಳಬಾರ್ದಾ?" ಎಂದಳು. ಆಮೇಲೆ ತಪ್ಪಲಿಲ್ಲ. ಸ್ಟೂಲು ಅವಳಿಗೆ ಎತ್ತರ, ಕಾಲು ನೆಲಕ್ಕೆ ಎಟುಕದೆ ಜೋತಾಡುತ್ತಿತ್ತು. ಉಸಿರು ಬಿಗಿಹಿಡಿದು, ತುಟಿ ಕಚ್ಚಿಕೊಂಡು, ಮೂರೂ ಗೆರೆ ಬೆಸೆದಳು. ಭೂತಗನ್ನಡಿಯಲ್ಲಿ ನೋಡಿದೆ. ನನ್ನ ಒಳ್ಳೆಯ ಕಾಲದಲ್ಲೂ ನಾನು ಇಷ್ಟು ಚೊಕ್ಕವಾಗಿ ಮಾಡಿರಲಿಲ್ಲ. ಪರವಾಗಿಲ್ಲ ಎಂದೆ. ಅಷ್ಟು ಹೊಗಳಿಕೆ ಸಾಕು.

ಸಂಜೆ ಮೂರ್ತಪ್ಪ ಹಲ್ಲು ಕಿರಿಯುತ್ತಾ, "ಏನಪ್ಪ, ಹಗಲೊತ್ತೇ ಗಂಡ ಹೆಂಡ್ತಿ ಅರ್ಧ ಬಾಗಿಲು ಮುಚ್ಕಂಡು! ಈ ವಯಸ್ಸಲ್ಲಿ!" ಎಂದ. ಬೀದಿಗೆಲ್ಲ ಹೇಳಿದ್ದಾನಂತೆ. ಹೇಳಲಿ. ನಿಜ ತಿಳಿಯುವುದಕ್ಕಿಂತ ಈ ಸುಳ್ಳೇ ಮರ್ಯಾದೆಯದು. ಮೀಸೆ ತಿರುವಿದೆ. ತಿರುವುವಾಗಲೂ ಕೈ ನಡುಗಿತು, ಕತ್ತು ತಿರುಗಿಸಿಕೊಂಡೆ.

೨-೨-೧೯೭೯, ಶುಕ್ರವಾರ

ಬಂತು!

ಟಿವಿಯ ಬೆನ್ನಿಗೆ ತಂತಿ ಕಟ್ಟಿ, ಚಾನೆಲ್ ತಿರುಗಿಸುತ್ತಾ ಹೋದೆ. ಮೂರರಲ್ಲಿ ಗಾಜಿನ ಮೇಲಿನ ಬಿಳಿ ಚುಕ್ಕಿಗಳ ಮಳೆ ನಿಂತು ಕತ್ತಲಾಯಿತು. ಕತ್ತಲ ನಡುವೆ ಎರಡು ಬಿಳಿ ಗೆರೆ. ಒಂದು ಚೆಂಡು. ಚೆಂಡು ಎಂದರೆ ಚೌಕ, ಅಮೆರಿಕದವರಿಗೆ ದುಂಡಗೆ ಮಾಡಲು ಬರುವುದಿಲ್ಲವೋ ಏನೋ. ಟಕ್ ಎಂದು ಗಾಜಿನ ಅಂಚಿಗೆ ಬಡಿದು ವಾಪಸ್ ಬಂತು. ಬೊಮ್ಮಕ್ಕ "ಅಯ್ಯೋ ನಮ್ಮವ್ವಾ!" ಎಂದು ನನ್ನ ತೋಳು ಹಿಡಿದುಕೊಂಡಳು. ಜರಿ ಬದುಕಿದೆ! ನನಗೆ ಕಣ್ಣಲ್ಲಿ ನೀರು ಬಂತು, ಸೀಸದ ಹೊಗೆ ಎಂದೆ. ಐರನ್ ಹಚ್ಚಿರಲಿಲ್ಲ.

ಒಂದು ನಾಬ್ ಅವಳಿಗೆ, ಒಂದು ನನಗೆ. ಅವಳ ಗೆರೆ ನೆಟ್ಟ ಕಂಬದ ಹಾಗೆ ನಿಂತಿತು. ನನ್ನದು ಅದುರಿತು. ನಾಬಿನೊಳಗೆ ಧೂಳು ಕೂತಿದೆ, ರೇಡಿಯೊದಲ್ಲಿ ವಾಲ್ಯೂಮ್ ಕರ ಕರ ಎನ್ನುತ್ತದಲ್ಲ, ಹಾಗೆ ಎಂದು ವಿವರಿಸಿದೆ. ಅವಳು ಹೂಂ ಎಂದಳು.

೫-೨-೧೯೭೯, ಸೋಮವಾರ

ನಾಬ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದೆವು. ಎಂದರೆ ನಾನು ಹೇಳಿದೆ, ಅವಳು ತೊಳೆದಳು. ಮತ್ತೆ ನಾನು ಪರೀಕ್ಷೆ ಮಾಡಲಿಲ್ಲ, ಹೊತ್ತಾಗಿತ್ತು.

"ಮುಂದಿನ ವಾರ" ಎಂದು ಕೂಡಿಹಾಕಿದ್ದ ರೇಡಿಯೊಗಳಲ್ಲಿ ಐದು ಮಾತಾಡುತ್ತಿವೆ. ನಾನು ಕಿವಿಗೊಟ್ಟು ಇಲ್ಲಿ ಕೆಟ್ಟಿದೆ ಎನ್ನುತ್ತೇನೆ, ಇವಳು ಬಿಚ್ಚುತ್ತಾಳೆ. ಒಬ್ಬ ಗಿರಾಕಿ, "ಕೈ ಇನ್ನೂ ಪಳಗೈತೆ ಗುಡ್ಡಪ್ಪಣ್ಣ," ಎಂದ. ಹೌದಪ್ಪ ಎಂದೆ. ಒಳಗೆ ಬೊಮ್ಮಕ್ಕ ಮುದ್ದೆಯ ಬುಟ್ಟಿ ಮುಂದಿಟ್ಟುಕೊಂಡು, ಊಟ ತಂದವಳ ಹಾಗೆ ಕುಳಿತಿದ್ದಳು. ಅವಳ ಬೆರಳಿಗೆ ಬೊಬ್ಬೆ ಬಂದಿದೆ. ಮುದ್ದೆ ಇವತ್ತು ಯಾಕೋ ಅರ್ಧಕ್ಕೇ ಬಿಟ್ಟೆ, ಹಿಟ್ಟು ಹಳೆಯದಿರಬೇಕು.

೭-೨-೧೯೭೯, ಬುಧವಾರ

ಇವತ್ತಿನದನ್ನು ಸಾವಕಾಶವಾಗಿ ಬರೆಯಬೇಕು.

ಪಾಲಣ್ಣ ಹನ್ನೊಂದರ ಬಸ್ಸಿಗೆ ಬಂದ, ಒಗೆದ ಪಂಚೆ, ಹೊಸ ಟವಲ್. ಹಿಂದೆ ಅವನ ಹೆಂಡತಿ ಹುಚ್ಚಕ್ಕ, ಸೆರಗು ಬಿಗಿದು, ಪೊಲೀಸಿನವರು ಕಳ್ಳನನ್ನು ಕರೆತಂದ ಹಾಗೆ. ಮೂರ್ತಪ್ಪ ಮಿಷನ್ ಬಿಟ್ಟು ಬಂದ. ದಾರಿಯಲ್ಲಿ ಹೋಗುವವರೂ ನಿಂತರು. ಅಂಗಡಿಯ ಮುಂದೆ ಸಂತೆ.

ಸ್ವಿಚ್ ಹಾಕಿದೆ. ಎರಡು ಗೆರೆ, ಒಂದು ಚೆಂಡು. ಜನ ಹೋ ಎಂದರು. ಹುಚ್ಚಕ್ಕ ಮಾತ್ರ, "ಚೆಂಡು ತಾನೇ ಓಡ್ತೈತಲ್ಲ. ನೀನೇನು ಆಡಿದ್ದು?" ಎಂದಳು.

"ತಡಿ, ತೋರಿಸ್ತೀನಿ. ಗುಡ್ಡಪ್ಪಣ್ಣ, ಆ ಕಡೆ ನೀವು ಹಿಡೀರಿ. ಇದಕ್ಕೆ ಜೀವ ಕೊಟ್ಟೋರು ನೀವು, ಮೊದಲ ಆಟ ನಿಮ್ಮ ಜೊತೆಗೇ."

ಬೇಡ ಎಂದೆ. ಸ್ಪೇರ್ ಬಂದಿಲ್ಲ ಎಂದು ಇಲ್ಲಿ ಹೇಳುವಂತಿರಲಿಲ್ಲ. ಮೂರ್ತಪ್ಪ ಹಿಂದಿನಿಂದ ತಳ್ಳಿದ. ನಾಬ್ ಹಿಡಿದೆ.

ನನ್ನ ಗೆರೆ ನಡುಗಿತು. ಅಂಗೈಯಲ್ಲಿ ಮುಚ್ಚಿಟ್ಟುಕೊಂಡದ್ದು, ಜೇಬಿನಲ್ಲಿ ಬಚ್ಚಿಟ್ಟದ್ದು, ಗಾಜಿನ ಮೇಲೆ ಗೇಣುದ್ದ ಬೆಳ್ಳಗೆ ನಿಂತು, ಊರ ಮುಂದೆ ಗಡ ಗಡ ಎಂದಿತು. ಚೆಂಡು ಬಂತು. ಹೋಯಿತು. ಇನ್ನೊಂದು ಬಂತು. ಅದೂ ಹೋಯಿತು.

"ಗುಡ್ಡಪ್ಪ, ನಿನ್ನ ಗೆರೆಗೆ ಚಳಿಜ್ವರ ಬಂದೈತೇನಪ್ಪ?" ಎಂದ ಮೂರ್ತಪ್ಪ. ಎಲ್ಲರೂ ನಕ್ಕರು.

ಪಾಲಣ್ಣನ ಮುಖ ಸಣ್ಣದಾಯಿತು. "ಹಿಂಗೆ ಆಗ್ತಿರ್ಲಿಲ್ಲ ಅಣ್ಣಾ. ಸಾಹೇಬ್ರ ಗೆರೆ ಹಿಂಗೆ ಅಲ್ಲಾಡ್ತಿರ್ಲಿಲ್ಲ. ನಾಬ್ ಕೆಟ್ಟೈತಾ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಧೂಳು. ಒಂದೇ ಮಾತು, ಎಲ್ಲರೂ ನಂಬುತ್ತಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಬೊಮ್ಮಕ್ಕನ ದನಿ ಬಂತು.

"ಹೂಂ ಪಾಲಣ್ಣ. ನಾಬ್ ತೊಳ್ದೋಳು ನಾನು. ಸರಿಯಾಗಿ ತೊಳ್ದಿಲ್ಲ, ಧೂಳು ಉಳ್ಕಂಡೈತೆ. ಇವರದೇನೂ ತಪ್ಪಿಲ್ಲ."

ತಿರುಗಿ ನೋಡಿದೆ. ನನ್ನ ಕಡೆ ನೋಡದೆ ನೆಲ ನೋಡುತ್ತಿದ್ದಳು. ಬೊಬ್ಬೆ ಬಂದ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆ ಎಂದು ಈಗಲೂ ಗೊತ್ತಿಲ್ಲ.

"ಸುಳ್ಳು," ಎಂದೆ. ದನಿ ಜೋರಾಗಿಯೇ ಬಂತು. "ನಾಬ್ ಚೊಕ್ಕವಾಗೈತೆ ಪಾಲಣ್ಣ. ನಡುಗ್ತಿರೋದು ನನ್ನ ಕೈ. ಎಂಟು ತಿಂಗಳಾತು ನಡುಗಾಕತ್ತಿ. ಈ ಪೆಟ್ಟಿಗೇಲಿ ನಾನು ಮಾಡಿದ್ದು ಬರೀ ಬಾಯಿಮಾತು. ತಂತಿ ಸುತ್ತಿದ್ದು ಇವಳು, ಬೆಸುಗೆ ಇವಳದು, ಜೀವ ಕೊಟ್ಟೋಳು ಇವಳು. ಲೇ ಬೊಮ್ಮಕ್ಕ, ಬಾ ಇಲ್ಲಿ, ಹಿಡಿ."

ಅವಳು ಬಂದು ನಾಬ್ ಹಿಡಿದಳು. ಗೆರೆ ನಿಂತಿತು. ಟಕ್. ಚೆಂಡು ವಾಪಸ್ ಹೋಯಿತು. ಪಾಲಣ್ಣನ ಗೆರೆ ಮೇಲೆದ್ದಿತು. ಟಕ್. ಆಮೇಲೆ ಅವನನ್ನು ನೋಡಬೇಕಿತ್ತು! ಅಡಿಗೆಯವನಲ್ಲ ಅವನು, ಹುಲಿ. ಬೊಮ್ಮಕ್ಕನನ್ನು ಸೋಲಿಸಿದ, ಮೂರ್ತಪ್ಪನನ್ನು ಸೋಲಿಸಿದ, ದಾರಿಹೋಕರನ್ನೆಲ್ಲ ಸೋಲಿಸಿದ. ಹುಚ್ಚಕ್ಕ ಬಾಯಿಯ ಮೇಲೆ ಕೈ ಇಟ್ಟುಕೊಂಡು ನಿಂತಳು.

"ನಿಜವಾಗ್ಲೂ ಆಡಿದ್ಯಾ! ನಾನು ಕುಡ್ದವ್ನೆ ಅಂತಿದ್ನಲ್ಲೋ," ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ಗಂಡನ ಪಕ್ಕ ಕುಳಿತು, "ಸರಿ, ನನಗೂ ಕೊಡು ಅದನ್ನ," ಎಂದು ಇನ್ನೊಂದು ನಾಬ್ ಕಿತ್ತುಕೊಂಡಳು.

ಹೋಗುವಾಗ ಪಾಲಣ್ಣ ಟಿವಿಯನ್ನು ತಾನು ಹೊತ್ತು, ಕಬ್ಬಿಣದ ಪೆಟ್ಟಿಗೆಯನ್ನು ಹೆಂಡತಿಯ ತಲೆಗೆ ಕೊಟ್ಟ. "ಎಷ್ಟು ಭಾರಾನಾದ್ರೂ ಇರ್ಲಿ, ಇದನ್ನ ಮಾತ್ರ ಎಲ್ಲೂ ಇಳಿಸಬ್ಯಾಡ," ಎಂದು ಹೇಳಿದ. ಬೊಮ್ಮಕ್ಕನಿಗೆ ಕೈ ಮುಗಿದ. ನನಗೂ ಮುಗಿದ, ಆದರೆ ಆಮೇಲೆ.

ಅಂಗಡಿ ಮುಚ್ಚಿ ಮನೆಗೆ ಬಂದೆವು. ಊಟಕ್ಕೆ ಕುಳಿತಾಗ ಮಜ್ಜಿಗೆ ಲೋಟ ತುಂಬ ಹಾಕಿದಳು. ಚೆಲ್ಲಿತು. ಚೆಲ್ಲಲಿ ಬಿಡ್ರಿ ಎಂದಳು.

೯-೨-೧೯೭೯, ಶುಕ್ರವಾರ

ನಿನ್ನೆ ಹೆದರಿ ಅಂಗಡಿ ತೆರೆಯಲಿಲ್ಲ. ಇವತ್ತು ತೆರೆದೆ. ಒಬ್ಬನೂ ಬರುವುದಿಲ್ಲ, ಅಣ್ಣನಿಗೆ ಹೇಳಿಕಳಿಸಬೇಕು, ಯಾವ ಕುರಿ ಯಾವ ಬಣ್ಣ ಎಂದೆಲ್ಲ ಲೆಕ್ಕ ಹಾಕಿಕೊಂಡು ಕುಳಿತಿದ್ದೆ, ಬಾಯಿ ಮುಚ್ಚಿಕೊಂಡು.

ಹತ್ತಕ್ಕೆ ಒಬ್ಬ ಮುದುಕ ರೇಡಿಯೊ ಕಂಕುಳಲ್ಲಿಟ್ಟುಕೊಂಡು ಬಂದ. ನನ್ನನ್ನು ದಾಟಿ ಒಳಗೆ ಇಣುಕಿದ. "ಅಕ್ಕ ಇಲ್ವೇನ್ರಿ?"

"ಮುದ್ದೆ ಮಾಡ್ತಾಳೆ. ನಾನಿದೀನಲ್ಲಪ್ಪ."

"ಇರ್ಲಿ ಬಿಡ್ರಿ, ಕಾಯ್ತೀನಿ," ಎಂದು ಬೆಂಚಿನ ಮೇಲೆ ಕುಳಿತ. ಅಯ್ಯೋ ನನ್ನ ಕರ್ಮವೇ ಎಂದುಕೊಂಡು ಅವನ ರೇಡಿಯೊ ಕಿವಿಗಿಟ್ಟು ಕೇಳಿದೆ. ದನಿ ಹೊರಡಿಸುವ ಔಟ್‌ಪುಟ್ ಕೆಟ್ಟಿದೆ, ನನ್ನ ಕಿವಿ ನಡುಗುವುದಿಲ್ಲ. ಆಮೇಲೆ ಇಬ್ಬರು ಬಂದರು, ಅವರೂ ಅಕ್ಕನನ್ನೇ ಕೇಳಿದರು. ಮೂರ್ತಪ್ಪ ಕಾಫಿ ಕಳಿಸಿದ. ಎರಡು ಲೋಟ, ಎರಡೂ ಅರ್ಧರ್ಧ. ಬೈಯಬೇಕೆಂದುಕೊಂಡೆ, ಕುಡಿದೆ. ಡಾಕ್ಟರಿಗೆ ಹೇಳುವುದಿಲ್ಲ.

ಹನ್ನೆರಡಕ್ಕೆ ಬೊಮ್ಮಕ್ಕ ಬಂದಳು. ಬುಟ್ಟಿ ಇಳಿಸಿ, ಎಂದಿನಂತೆ ಚಾಪೆ ಹಾಸಲು ಹೋದಳು. ಬೇಡ ಎಂದೆ. ತಿರುಗುವ ಸ್ಟೂಲು ಅವಳಿಗೆ ಎತ್ತರ. ತಲೆಕೆಳಗೆ ಹಾಕಿ ಸ್ಕ್ರೂ ತಿರುಗಿಸಿ ತಿರುಗಿಸಿ, ಅವಳ ಕಾಲು ನೆಲಕ್ಕೆ ಎಟುಕುವಷ್ಟು ಇಳಿಸಿದೆ. ಅದಕ್ಕೆ ನನ್ನ ಕೈ ಸಾಕಾಯಿತು.